ಬಳ್ಳಿ ಬಾಯಾರಿದಷ್ಟೂ ವೈನ್ ರುಚಿಯೇ? ಒಂದು ಅರ್ಧಸತ್ಯದ ಕಥೆ

ವೈನ್ ಲೋಕದಲ್ಲಿ ಒಂದು ಹಳೆಯ ನಂಬಿಕೆ ಇದೆ: ದ್ರಾಕ್ಷಿ ಬಳ್ಳಿ ಕಷ್ಟಪಟ್ಟರೆ ಮಾತ್ರ ಒಳ್ಳೆಯ ವೈನ್ ಸಿಗುತ್ತದೆ. ಇದು ಪೂರ್ತಿ ನಿಜವಾಗಿದ್ದರೆ, ಭೂಮಿ ಬಿಸಿಯಾಗಿ ಬರ ಹೆಚ್ಚಿದಂತೆಲ್ಲ ವೈನ್ ಇನ್ನಷ್ಟು ಚೆನ್ನಾಗಬೇಕಿತ್ತು. ಆದರೆ 2023ರಲ್ಲಿ ಜಗತ್ತಿನ ವೈನ್ ಉತ್ಪಾದನೆ 1961ರ ನಂತರದ ಅತಿ ಕಡಿಮೆ ಮಟ್ಟಕ್ಕೆ ಇಳಿಯಿತು. ಅತಿಮಳೆ, ಇಬ್ಬನಿ ಹೆಪ್ಪುಗಟ್ಟುವ ಚಳಿ, ಶಿಲೀಂಧ್ರ ರೋಗಗಳ ಜೊತೆಗೆ ಬರವೂ ಅದಕ್ಕೆ ದೊಡ್ಡ ಕಾರಣವಾಗಿತ್ತು. ಹಾಗಾದರೆ ಆ ನಂಬಿಕೆಯಲ್ಲಿ ನಿಜ ಎಷ್ಟು?

ನಂಬಿಕೆಯಲ್ಲಿರುವ ನಿಜ

ಕಾಯಿ ಕಟ್ಟಿದ ಮೇಲೆ, ಬಣ್ಣ ತಿರುಗುವ ಮೊದಲು ನೀರು ಸ್ವಲ್ಪ ಕಡಿಮೆಯಾದರೆ ಬಳ್ಳಿಯ ಚಿಗುರು ನಿಲ್ಲುತ್ತದೆ, ಕಾಯಿ ಚಿಕ್ಕದಾಗುತ್ತದೆ. ಚಿಕ್ಕ ಕಾಯಿಯಲ್ಲಿ ತಿರುಳಿಗೆ ಹೋಲಿಸಿದರೆ ಸಿಪ್ಪೆಯ ಪಾಲು ಹೆಚ್ಚು. ಕೆಂಪು ವೈನ್‌ಗೆ ಬಣ್ಣ ಕೊಡುವ ಆಂಥೋಸಯಾನಿನ್ ಇರುವುದು ಸಿಪ್ಪೆಯಲ್ಲಿ. ಒಗರು ಕೊಡುವ ಟ್ಯಾನಿನ್ ಸಿಪ್ಪೆ ಮತ್ತು ಬೀಜಗಳಲ್ಲಿ. ಹಾಗಾಗಿ ಹದವಾದ ನೀರಿನ ಕೊರತೆ ಕೆಂಪು ವೈನ್‌ಗೆ ಒಳ್ಳೆಯದೇ. ಇಲ್ಲಿ ಮುಖ್ಯವಾದದ್ದು ‘ಹದ’ ಎಂಬ ಮಾತು. ಬಿಳಿ ವೈನ್ ತಳಿಗಳಲ್ಲಿ ಈ ಹದದ ಮಿತಿ ಇನ್ನೂ ಚಿಕ್ಕದು.

ಹದ ಮೀರಿದಾಗ ಏನಾಗುತ್ತದೆ?

ಎಲೆಯ ಮೇಲೆ ಪತ್ರರಂಧ್ರಗಳೆಂಬ ಸಣ್ಣ ಬಾಗಿಲುಗಳಿವೆ. ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದೂ ನೀರಾವಿ ಹೊರಗೆ ಹೋಗುವುದೂ ಅಲ್ಲಿಂದಲೇ. ಮಣ್ಣು ಒಣಗಿದಾಗ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಈ ಬಾಗಿಲುಗಳನ್ನು ಮುಚ್ಚಿಸುತ್ತದೆ. ನೀರು ಉಳಿಯುತ್ತದೆ, ಆದರೆ ಆಹಾರ ತಯಾರಿಕೆ ಕುಗ್ಗುತ್ತದೆ. ನೀರಾವಿ ಹೊರಹೋಗದ ಕಾರಣ ಎಲೆ ತಣ್ಣಗಾಗದೆ ಇನ್ನಷ್ಟು ಕಾಯುತ್ತದೆ.

ಬಾಗಿಲು ತೆರೆದೇ ಇದ್ದರೆ ಬೇರೆ ಅಪಾಯ. ಬೇರಿನಿಂದ ಎಲೆಯವರೆಗೆ ನೀರು ಸಣ್ಣ ಕೊಳವೆಗಳಲ್ಲಿ ಎಳೆದುಕೊಂಡು ಏರುತ್ತದೆ. ಎಳೆತ ವಿಪರೀತವಾದರೆ ಕೊಳವೆಯೊಳಗೆ ಗಾಳಿಗುಳ್ಳೆ ಸೇರಿ ನೀರಿನ ಎಳೆ ತುಂಡಾಗುತ್ತದೆ. ಇಂಥ ಕೊಳವೆಗಳು ಹೆಚ್ಚಾದರೆ ಎಲೆ ಉದುರಿ, ರೆಂಬೆ ಒಣಗಬಹುದು.

ನಷ್ಟ ಆ ವರ್ಷಕ್ಕೇ ಮುಗಿಯುವುದಿಲ್ಲ. ಮುಂದಿನ ವರ್ಷದ ಗೊಂಚಲುಗಳು ಈ ವರ್ಷದ ಮೊಗ್ಗಿನೊಳಗೇ ರೂಪುಗೊಳ್ಳುತ್ತವೆ. ಹೂ ಬಿಡುವ ಹೊತ್ತಿಗೆ ಬಳ್ಳಿ ಬಾಯಾರಿದರೆ ಮರುವರ್ಷದ ಗೊಂಚಲುಗಳೂ ಕಡಿಮೆಯಾಗುತ್ತವೆ.

ಮಳೆ ಅಷ್ಟೇ ಬಂದರೂ ಬಾಯಾರಿಕೆ ಏಕೆ?

ಹವಾಮಾನ ಬದಲಾವಣೆ ಎಂದರೆ ಮಳೆ ಕಡಿಮೆಯಾಗುವುದು ಎಂದಷ್ಟೇ ಹಲವರು ತಿಳಿದಿದ್ದಾರೆ. ಆದರೆ ಮಳೆಯ ಪ್ರಮಾಣ ಬದಲಾಗದಿದ್ದರೂ ಬಳ್ಳಿಗೆ ನೀರು ಸಾಲದೆ ಹೋಗಬಹುದು. ತಾಪಮಾನ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಸುಮಾರು 7% ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಆರ್ದ್ರತೆ 50% ಇರುವ ಗಾಳಿ 25 ಡಿಗ್ರಿಯಲ್ಲಿ ಎಲೆಯಿಂದ ನೀರನ್ನು ಎಳೆಯುವ ಬಲಕ್ಕೆ ಹೋಲಿಸಿದರೆ, ಅಷ್ಟೇ ಆರ್ದ್ರತೆಯಲ್ಲಿ 35 ಡಿಗ್ರಿಗೆ ಆ ಬಲ ಸುಮಾರು 1.8 ಪಟ್ಟಾಗುತ್ತದೆ. ಒದ್ದೆ ಬಟ್ಟೆ ಬಿಸಿಲಿನ ದಿನ ಬೇಗ ಒಣಗುವಂತೆ ಬಳ್ಳಿಯೂ ಮಣ್ಣೂ ಬೇಗ ಒಣಗುತ್ತವೆ.

ಫ್ರಾನ್ಸ್‌ನ ಕೊಯ್ಲಿನ ಹಳೆಯ ದಾಖಲೆಗಳು ಇನ್ನೊಂದು ಬದಲಾವಣೆ ತೋರಿಸಿವೆ. 1600ರಿಂದ 2007ರವರೆಗಿನ ದಾಖಲೆಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 1981ರ ನಂತರ ಕೊಯ್ಲು ಸುಮಾರು 10 ದಿನ ಮುಂಚೆಯೇ ಆಗುತ್ತಿದೆ. ಹಿಂದೆ ಕೊಯ್ಲು ಬೇಗ ಬರಬೇಕಾದರೆ ಸಾಮಾನ್ಯವಾಗಿ ಬರ ಬೇಕಿತ್ತು. ಒದ್ದೆ ಮಣ್ಣು ಆವಿಯಾಗುತ್ತಾ ಸುತ್ತಲನ್ನು ತಂಪಾಗಿಡುತ್ತದೆ. ಅದು ಒಣಗಿದರೆ ಮಾತ್ರ ಬೇಸಿಗೆ ಅಷ್ಟು ಬಿಸಿಯಾಗುತ್ತಿತ್ತು. ಈಗ ಬರವಿಲ್ಲದೆಯೂ ಅಷ್ಟು ಬಿಸಿ ಬರುತ್ತಿದೆ. ಬರ ಬಂದ ವರ್ಷವಂತೂ ಎರಡೂ ಸೇರಿಕೊಳ್ಳುತ್ತವೆ.

ಕೊಯ್ಲು ಮುಂದಕ್ಕೆ ಬಂದರೆ ಹಣ್ಣು ಮಾಗುವ ಕಾಲ ಬೇಸಿಗೆಯ ಸುಡುಬಿಸಿಲಿಗೆ ಸಿಕ್ಕಿಕೊಳ್ಳುತ್ತದೆ. ಬಿಸಿಗೆ ಹುಳಿ ಬೇಗ ಇಳಿಯುತ್ತದೆ, ಸಕ್ಕರೆ ಏರುತ್ತದೆ. ದಕ್ಷಿಣ ಫ್ರಾನ್ಸ್‌ನ ಲಾಂಗ್‌ಡಾಕ್‌ನಲ್ಲಿ 1980ರ ದಶಕದಲ್ಲಿ ಸುಮಾರು 11% ಇದ್ದ ವೈನ್‌ನ ಮದ್ಯಸಾರ ಇತ್ತೀಚೆಗೆ 14% ತಲುಪಿದೆ. 2024ರ ಒಂದು ವಿಮರ್ಶಾ ಅಧ್ಯಯನವು ಸ್ಪೇನ್, ಇಟಲಿ, ಗ್ರೀಸ್ ಮತ್ತು ದಕ್ಷಿಣ ಕ್ಯಾಲಿಫೋರ್ನಿಯಾದ ಕರಾವಳಿ ಹಾಗೂ ತಗ್ಗು ಪ್ರದೇಶಗಳಲ್ಲಿನ ಸಾಂಪ್ರದಾಯಿಕ ವೈನ್ ಪ್ರದೇಶಗಳ ಪೈಕಿ ಸುಮಾರು 90% ಈ ಶತಮಾನದ ಕೊನೆಗೆ ಮರೆಯಾಗುವ ಅಪಾಯದಲ್ಲಿವೆ ಎಂದು ಎಚ್ಚರಿಸಿದೆ.

ನೀರು ಹಾಯಿಸಿದರೆ ಸಾಲದೇ?

ಹಾಯಿಸಲು ನೀರು ಇರಬೇಕಲ್ಲ! ಬರದ ವರ್ಷದಲ್ಲಿ ನದಿ, ಅಂತರ್ಜಲಗಳೂ ಸೊರಗುತ್ತವೆ. ಅಲ್ಲದೆ ಸದಾ ಮೇಲ್ಮಣ್ಣಿಗೆ ನೀರು ಸಿಕ್ಕರೆ ಬೇರು ಆಳಕ್ಕೆ ಇಳಿಯುವುದಿಲ್ಲ. ಹಾಗಾಗಿ ಬೆಳೆಗಾರರು ಮೊದಲು ಬಳ್ಳಿಯ ಸ್ಥಿತಿ ಅಳೆಯುತ್ತಾರೆ. ಕಿತ್ತ ಎಲೆಯನ್ನು, ತೊಟ್ಟಿನ ತುದಿ ಹೊರಗಿರುವಂತೆ, ಉಕ್ಕಿನ ಡಬ್ಬಿಯಲ್ಲಿಟ್ಟು ಅನಿಲದ ಒತ್ತಡ ಹಾಕುತ್ತಾರೆ. ತೊಟ್ಟಿನಲ್ಲಿ ರಸ ಕಾಣಿಸಿಕೊಳ್ಳಲು ಎಷ್ಟು ಒತ್ತಡ ಬೇಕಾಯಿತೋ ಬಳ್ಳಿಯ ಬಾಯಾರಿಕೆಯೂ ಅಷ್ಟೇ ಎಂದು ಲೆಕ್ಕ. ಅದನ್ನು ನೋಡಿ, ಬೇಕಾದಾಗ ಮಾತ್ರ ಡ್ರಿಪ್ ಮೂಲಕ ಅಳೆದು ನೀರು ಕೊಡುತ್ತಾರೆ.

ಇನ್ನೊಂದು ದಾರಿ ತಳಿ ಬದಲಾವಣೆ. ಮಣ್ಣು ಒಣಗುತ್ತಿದ್ದಂತೆ ಗ್ರೆನಾಶ್ ಬೇಗ ಪತ್ರರಂಧ್ರ ಮುಚ್ಚುತ್ತದೆ. ಸಿರಾ ಹೆಚ್ಚು ಹೊತ್ತು ತೆರೆದಿಡುತ್ತದೆ. ಸಂಪ್ರದಾಯಕ್ಕೆ ಹೆಸರಾದ ಬೋರ್ಡೋ ಕೂಡ 2021ರಲ್ಲಿ ಪೋರ್ಚುಗಲ್‌ನ ಟೂರಿಗಾ ನಾಸಿಯೋನಾಲ್ ಸೇರಿದಂತೆ ಆರು ಹೊಸ ತಳಿಗಳಿಗೆ ಸೀಮಿತ ಪ್ರಮಾಣದಲ್ಲಿ ಅನುಮತಿ ಕೊಟ್ಟಿತು.

ತಳಿ ಉಳಿಸಿಕೊಂಡು ಬೇರನ್ನಷ್ಟೇ ಬದಲಿಸಲೂಬಹುದು. ಇದು ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ಹೊಸದೇನಲ್ಲ. ನೀರಿನ ಕೊರತೆ ಮತ್ತು ಉಪ್ಪು ನೀರನ್ನು ತಾಳುವ ಡಾಗ್‌ರಿಡ್ಜ್ ಬೇರಿನ ಮೇಲೆ ಅಲ್ಲಿ ಕಸಿ ಕಟ್ಟುತ್ತಾರೆ. ಏಪ್ರಿಲ್ ಚಾಟ್ನಿಯ ನಂತರ ಬೇಸಿಗೆಯಲ್ಲೇ ಅಕ್ಟೋಬರ್ ಚಾಟ್ನಿಯ ಫಸಲಿಗೆ ಬೇಕಾದ ಮೊಗ್ಗು ಒಳಗೊಳಗೇ ರೂಪುಗೊಳ್ಳುತ್ತದೆ. ಆಗ ನೀರು ತಪ್ಪಿದರೆ ಮುಂದೆ ಗೊಂಚಲು ತಪ್ಪುತ್ತದೆ. ಹಣ್ಣಿನ ದ್ರಾಕ್ಷಿಯಾಗಲಿ, ವೈನ್ ದ್ರಾಕ್ಷಿಯಾಗಲಿ, ಲೆಕ್ಕ ಒಂದೇ.

ಹಾಗಾದರೆ ತೀರ್ಮಾನ?

ನಂಬಿಕೆ ಅರ್ಧ ಸತ್ಯ. ಸರಿಯಾದ ಸಮಯದಲ್ಲಿ, ಸರಿಯಾದ ಅಳತೆಯಲ್ಲಿ ಬಂದ ಬಾಯಾರಿಕೆ ವೈನ್‌ಗೆ ರುಚಿ ಕೊಡುತ್ತದೆ. ಬಿಸಿಯಾಗುತ್ತಿರುವ ಭೂಮಿ ಸಮಯವನ್ನೂ ನೋಡುವುದಿಲ್ಲ, ಅಳತೆಯನ್ನೂ ನೋಡುವುದಿಲ್ಲ.