ಎಪ್ಸಂ ಲವಣದಲ್ಲಿ ಅಡಗಿರುವ ನೀರು

ಸನತ್‌ನಗರವು ಹೈದರಾಬಾದಿನ ಹಳೆಯ ಕೈಗಾರಿಕಾ ನೆಲೆಗಳಲ್ಲೊಂದು. 1942ರಲ್ಲಿ ಸ್ಥಾಪಿತವಾದ ಆಲ್ವಿನ್ ಸಂಸ್ಥೆಯ ಕಾರ್ಖಾನೆ ಇಲ್ಲಿ ಈಗ ನಡೆಯುತ್ತಿಲ್ಲ. ಕಾರ್ಮಿಕ ರಾಜ್ಯ ವಿಮಾ ಆಸ್ಪತ್ರೆಯಾದರೋ ಉಳಿದು ಬೆಳೆದಿದೆ. ಇಲ್ಲಿಯ ವೈಶಾಖದ ಒಣಹವೆಗೂ, ಇಂಥ ಆಸ್ಪತ್ರೆಗಳ ಹೆರಿಗೆಯ ವಿಭಾಗಕ್ಕೆ ಬೇಕಾಗುವ ಒಂದು ಲವಣದ ಸ್ವಭಾವಕ್ಕೂ ಇರುವ ಸಂಬಂಧವು ವಿಚಾರಯೋಗ್ಯವಾಗಿದೆ.

ಆ ಲವಣವೇ ಮ್ಯಾಗ್ನೀಸಿಯಂ ಸಲ್ಫೇಟ್. ಹಿಂದಿನ ಮನೆಗಳಲ್ಲಿ ಇದನ್ನು ಭೇದಿಗೆ ಕೊಡುವ ಉಪ್ಪೆಂದೇ ಬಲ್ಲರು. ಇಂಗ್ಲೆಂಡಿನ ಎಪ್ಸಂ ಊರಿನ ಕಹಿ ಬುಗ್ಗೆಯಿಂದ ಇದಕ್ಕೆ ಹೆಸರು ಬಂದಿತು. ನೆಹೆಮಯ ಗ್ರೂ ಎಂಬ ವೈದ್ಯನು 1695ರಲ್ಲಿ ಇದನ್ನು ಕುರಿತು ಗ್ರಂಥವನ್ನೇ ಬರೆದನು. ನಮ್ಮ ಮೈಸೂರಿನ ಸುತ್ತ ದೊರೆಯುವ ಮ್ಯಾಗ್ನಸೈಟ್ ಕಲ್ಲಿನ ಮೇಲೆ ಗಂಧಕಾಮ್ಲವನ್ನೆರೆದರೂ ಇದೇ ಲವಣ ಸಿದ್ಧಿಸುತ್ತದೆ.

ಖನಿಜರೂಪದಲ್ಲಿ ಇದು ಎಪ್ಸಮೈಟ್. ಉಗುರಿನಿಂದ ಗೀರಬಹುದಾದಷ್ಟು ಮೃದು. ವಿಶಿಷ್ಟ ಗುರುತ್ವ 1.68, ರುಚಿ ಕಹಿ. ಲವಣದ ಒಂದೊಂದು ಅಣುವಿನೊಡನೆ ನೀರಿನ ಏಳು ಅಣುಗಳು ಕಟ್ಟುಬಿದ್ದಿರುತ್ತವೆ. ತೂಕದ ಲೆಕ್ಕದಲ್ಲಿ ನೂರು ಗ್ರಾಮಿಗೆ 51 ಗ್ರಾಮಿಗೂ ಮಿಕ್ಕಿ ನೀರೇ! ಕೊಳ್ಳುವವನು ಅರ್ಧಕ್ಕಿಂತ ಹೆಚ್ಚಾಗಿ ನೀರಿಗೇ ಹಣ ತೆರುತ್ತಾನೆಂದರೆ ತಪ್ಪಾಗದು.

ಈ ಸ್ಫಟಿಕಜಲವು ಗಟ್ಟಿಯಾಗಿ ನಿಲ್ಲುವಂಥದಲ್ಲ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆಯು ಸುಮಾರು ನೂರಕ್ಕೆ 50ರ ಕೆಳಗಿಳಿದರೆ ಏಳರಲ್ಲೊಂದು ನೀರು ಹೊರಟುಹೋಗಿ ಹೆಕ್ಸಾಹೈಡ್ರೈಟ್ ಎಂಬ ಬೇರೊಂದು ಖನಿಜವಾಗುತ್ತದೆ. ಸೆಕೆ ಏರಿದಂತೆ ಈ ಎಲ್ಲೆಯೂ ಮೇಲೇರುತ್ತದೆ. ಹೈದರಾಬಾದಿನ ಬೇಸಗೆಯ ಮಧ್ಯಾಹ್ನಗಳಲ್ಲಿ ಆರ್ದ್ರತೆ ಈ ಎಲ್ಲೆಗಿಂತ ಬಹಳ ಕೆಳಗಿರುವುದುಂಟು. ತೆರೆದಿಟ್ಟ ಪಾತ್ರೆಯಲ್ಲಿ ಗಾಜಿನಂತಿದ್ದ ಹರಳು ಬಿಳಿಯ ಹುಡಿಯಾಗುವುದು ಇದರಿಂದಲೇ. ಅದನ್ನು ಕೆಟ್ಟಿತೆಂದು ಎಸೆಯುವವರೂ ಉಂಟು. ಮಳೆಗಾಲದ ಹವೆಯಲ್ಲಿ ಅದು ಕಳೆದ ನೀರನ್ನು ಮರಳಿ ಹೀರಿ ಗಾತ್ರದಲ್ಲಿ ಹಿಗ್ಗುತ್ತದೆ. ಗೋಡೆಯ ರಂಧ್ರಗಳಲ್ಲಿ ಹೀಗಾದರೆ ಕಲ್ಲೂ ಗಾರೆಯೂ ಉದುರತೊಡಗುತ್ತವೆ. ಒಂದೇ ನೀರಿನ ಅಣುವುಳ್ಳ ಕೀಸರೈಟ್ ಎಂಬುದೂ, 2 ಡಿಗ್ರಿಗಿಂತ ತಣ್ಣಗೆ ಮಾತ್ರ ಬಾಳುವ, ಹನ್ನೊಂದು ಅಣುಗಳ ಮೆರಿಡಿಯಾನೈಟ್ ಎಂಬುದೂ ಇದರ ಬಂಧುಗಳೇ.

ನೀರಿನ ಲೆಕ್ಕವು ಪ್ರಾಣದ ಲೆಕ್ಕವೂ ಆಗುವುದು ವೈದ್ಯದಲ್ಲಿ. ಗರ್ಭಿಣಿಯ ರಕ್ತದೊತ್ತಡ ಏರಿ ಅಪಸ್ಮಾರದಂಥ ಸೆಳವು ಬರುವ ಎಕ್ಲಾಂಪ್ಸಿಯಾ ರೋಗಕ್ಕೆ ಈ ಅಗ್ಗದ ಲವಣವೇ ಮೊದಲ ಮದ್ದು. 33 ದೇಶಗಳ ಸುಮಾರು 10,000 ಸ್ತ್ರೀಯರಲ್ಲಿ ನಡೆದು 2002ರಲ್ಲಿ ಪ್ರಕಟವಾದ ಮ್ಯಾಗ್ಪೈ ಪರೀಕ್ಷೆಯಲ್ಲಿ, ಈ ಮದ್ದು ಪಡೆದವರಿಗೆ ಸೆಳವಿನ ಅಪಾಯವು ಅರ್ಧಕ್ಕಿಂತಲೂ ತಗ್ಗಿದ್ದು ಕಂಡುಬಂದಿತು. ರೂಢಿಯ ಮೊದಲ ಪ್ರಮಾಣ 4 ಗ್ರಾಂ. ಇದು ಏಳು ನೀರಿನ ಲವಣದ ತೂಕ. ಅದರಲ್ಲಿ ನಿರ್ಜಲ ಲವಣವಿರುವುದು 2 ಗ್ರಾಮಿಗೂ ತುಸು ಕಡಮೆ. ಒಂದು ನೀರು ಕಳೆದ ಹುಡಿಯನ್ನು ಅಷ್ಟೇ ತೂಗಿದರೆ ಮದ್ದು ನೂರಕ್ಕೆ 8ರಷ್ಟು ಹೆಚ್ಚುತ್ತದೆ. ಪೂರ್ತಿ ಒಣಗಿದ್ದಾದರೆ ಇಮ್ಮಡಿ. ಮಿತಿಮೀರಿದಾಗ ಮೊದಲು ಮೊಣಕಾಲಿನ ಪ್ರತಿಕ್ರಿಯೆ ಅಡಗುತ್ತದೆ, ಮುಂದೆ ಉಸಿರೇ ನಿಲ್ಲಬಹುದು. ಆದುದರಿಂದಲೇ ಸೂಜಿಮದ್ದು ಕೊಡುವವರು ಮೊಣಕಾಲನ್ನು ತಟ್ಟಿ ನೋಡುತ್ತಾರೆ, ಉಸಿರನ್ನು ಎಣಿಸುತ್ತಾರೆ, ಮೂತ್ರವನ್ನು ಅಳೆಯುತ್ತಾರೆ. ಪ್ರತಿಮದ್ದಾದ ಕ್ಯಾಲ್ಸಿಯಂ ಗ್ಲುಕೊನೇಟನ್ನು ಪಕ್ಕದಲ್ಲೇ ಇರಿಸಿಕೊಳ್ಳುತ್ತಾರೆ. ಗಾಜಿನ ಆಂಪೂಲಿನಲ್ಲಿ ಬರುವ ನೂರಕ್ಕೆ 50ರ ದ್ರಾವಣದಲ್ಲಿ ಈ ತೂಕದ ತೊಡಕಿಲ್ಲ: 2 ಮಿಲಿಲೀಟರಿಗೆ ಏಳು ನೀರಿನ ಲವಣ 1 ಗ್ರಾಂ ಎಂಬ ಲೆಕ್ಕ ಅದರಲ್ಲಿ ಮೊದಲೇ ಕಟ್ಟಾಗಿರುತ್ತದೆ.