ಬರ್ಲಿನ್‌ನ ಮೂಕಿ ಸ್ಟುಡಿಯೋದಿಂದ ತಾತಗುಣಿ ತೋಟಕ್ಕೆ

ಕೊಟ್ಟಿಗೆಹಾರದ ಸುತ್ತ ತೋಟ ಮಾಡಿಕೊಂಡಿರುವವರಿಗೆ ಭೂಸುಧಾರಣೆ ಕಾಯ್ದೆಯ 104ನೇ ಕಲಮನ್ನು ಯಾರೂ ಹೇಳಿಕೊಡಬೇಕಿಲ್ಲ. ಕಾಫಿ, ಏಲಕ್ಕಿ, ಕಾಳುಮೆಣಸಿನ ತೋಟಗಳು ಭೂಮಿತಿಯ ಲೆಕ್ಕಕ್ಕೆ ಸಿಗದೆ ಉಳಿದದ್ದು ಅದರಿಂದಲೇ. ಅದೇ ಕಾಯ್ದೆಯಡಿ ಲಿನಾಲೋ ಎಂಬ ಮರಕ್ಕೂ ಒಂದು ಕಾಲದಲ್ಲಿ ವಿನಾಯಿತಿ ಇತ್ತು. ಅದು ಮೆಕ್ಸಿಕೋ ಮೂಲದ ಮರ. ಕಾಯಿಯ ಸಿಪ್ಪೆಯನ್ನು ಬಟ್ಟಿ ಇಳಿಸಿದರೆ ಸುಗಂಧದ ಎಣ್ಣೆ ಬರುತ್ತದೆ. ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿಯಲ್ಲಿ ಈ ಮರವನ್ನು ದೊಡ್ಡ ಪ್ರಮಾಣದಲ್ಲಿ ಬೆಳೆದವರು ಚಿತ್ರ ಕಲಾವಿದ ಸ್ವೆತೊಸ್ಲಾವ್ ರೋರಿಕ್ ಮತ್ತು ಅವರ ಪತ್ನಿ, ಹಿಂದಿನ ಕಾಲದ ಚಿತ್ರತಾರೆ ದೇವಿಕಾ ರಾಣಿ. ಲಿನಾಲೋಗೆ ಕೊಟ್ಟ ವಿನಾಯಿತಿಯನ್ನು ರಾಜ್ಯ ಸರ್ಕಾರ ಹಿಂತೆಗೆದುಕೊಂಡ ಅಧಿಸೂಚನೆಯ ತಾರೀಖು 1994ರ ಮಾರ್ಚ್ 8. ಮರುದಿನ ದೇವಿಕಾ ರಾಣಿ ಬೆಂಗಳೂರಿನಲ್ಲಿ ತೀರಿಕೊಂಡರು.

ತೋಟದ ಒಂದು ಭಾಗದ ಮಾರಾಟದಿಂದ ಹುಟ್ಟಿದ ವ್ಯಾಜ್ಯ, 1996ರಲ್ಲಿ ಇಡೀ ಎಸ್ಟೇಟನ್ನು ಸರ್ಕಾರದ ವಶಕ್ಕೆ ತಂದ ಪ್ರತ್ಯೇಕ ಕಾಯ್ದೆ, ಅದನ್ನು 2011ರ ಆಗಸ್ಟ್ 9ರಂದು ಎತ್ತಿಹಿಡಿದ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ: ಇಷ್ಟು ಕತೆ ಪತ್ರಿಕೆ ಓದುವವರಿಗೆಲ್ಲ ಗೊತ್ತು. ಆಸ್ತಿ ಹಕ್ಕಿನ ಮಾತು ಬಂದಾಗ ವಕೀಲರು ಇಂದಿಗೂ ಆ ತೀರ್ಪನ್ನು ಎತ್ತುತ್ತಾರೆ. ಬದುಕಿನ ಅರ್ಧದಷ್ಟನ್ನು ಕರ್ನಾಟಕದಲ್ಲಿ ಕಳೆದ ಹೆಣ್ಣುಮಗಳ ಹೆಸರು ನಮ್ಮಲ್ಲಿ ಉಳಿದದ್ದು ಹೀಗೆ, ಎಕರೆ ಗುಂಟೆಗಳ ಲೆಕ್ಕದಲ್ಲಿ. ಅವರು ಕಲಿತ ವಿದ್ಯೆ ಯಾವುದು, ಎಲ್ಲಿ ಕಲಿತರು, ಆ ವಿದ್ಯೆ ನಮ್ಮ ಸಿನಿಮಾಕ್ಕೆ ಏನು ಕೊಟ್ಟಿತು ಎಂಬುದನ್ನು ಕೇಳಿದವರು ಕಡಿಮೆ. ಅವರು ಕಲಿತದ್ದು ಜರ್ಮನಿಯಲ್ಲಿ. ಅದೂ ಅಲ್ಲಿನ ಮೂಕಿ ಚಿತ್ರಗಳ ಕಟ್ಟಕಡೆಯ ದಿನಗಳಲ್ಲಿ.

ಮ್ಯೂನಿಕ್ಕಿನ ನಂಟು

ಈ ನಂಟನ್ನು ಬೆಸೆದವರು ಬಂಗಾಳದ ಹಿಮಾಂಶು ರಾಯ್. ವಕೀಲಿ ಓದಲು ಲಂಡನ್ನಿಗೆ ಹೋದವರು ನಾಟಕದ ಕಡೆ ವಾಲಿದರು, ಅಲ್ಲಿಂದ ಸಿನಿಮಾಕ್ಕೆ ಬಂದರು. ಬುದ್ಧನ ಕತೆಯನ್ನು ಚಿತ್ರ ಮಾಡಬೇಕೆಂದು ಮ್ಯೂನಿಕ್ಕಿನ ಎಮೆಲ್ಕಾ ಕಂಪನಿಯನ್ನು ಒಪ್ಪಿಸಿದರು. ಕಂಪನಿ ನಿರ್ದೇಶಕ ಫ್ರಾನ್ಸ್ ಓಸ್ಟೆನ್ ಅವರನ್ನೂ ಛಾಯಾಗ್ರಾಹಕ ಯೋಸೆಫ್ ವಿರ್ಶಿಂಗ್ ಅವರನ್ನೂ ಭಾರತಕ್ಕೆ ಕಳಿಸಿತು. 1925ರಲ್ಲಿ ‘ಪ್ರೇಮ್ ಸನ್ಯಾಸ್’ ಬಂತು. ರಾಯ್ ಸ್ವತಃ ಬುದ್ಧನಾದರು. ಗೋಪೆಯ ಪಾತ್ರ ಮಾಡಿದ ಆಂಗ್ಲೋ ಇಂಡಿಯನ್ ಹುಡುಗಿ ರೆನೆ ಸ್ಮಿತ್‌ಗೆ ಆಗಿನ್ನೂ ಹದಿಮೂರು. ತೆರೆಯ ಮೇಲೆ ಅವಳು ಸೀತಾ ದೇವಿ. ಜರ್ಮನಿಯ ಪ್ರೇಕ್ಷಕರು ಆ ಚಿತ್ರವನ್ನು ಮೆಚ್ಚಿದರು.

ಎರಡನೆಯದು 1928ರ ‘ಶೀರಾಜ್’, ತಾಜ್‌ಮಹಲಿನ ಹಿನ್ನೆಲೆಯ ಕಲ್ಪಿತ ಕತೆ. ಅದರಲ್ಲಿ ಮುಮ್ತಾಜ್ ಆದವರು ಏಣಾಕ್ಷಿ ರಾಮರಾವ್. ಕನ್ನಡದವರು ಈ ಹೆಸರನ್ನು ನೆನಪಿಟ್ಟುಕೊಳ್ಳಬೇಕು. ಕನ್ನಡದ ಮೊದಲ ಮೂಕಿ ಎಂದು ನಾವು ಹೇಳಿಕೊಂಡು ಬಂದಿರುವ ‘ಮೃಚ್ಛಕಟಿಕ’ ಅಥವಾ ‘ವಸಂತಸೇನಾ’ದಲ್ಲೂ ನಟಿಸಿದವರು ಅವರೇ. ನಿರ್ದೇಶಕ ಮೋಹನ್ ಭವನಾನಿ ಕೂಡ ಜರ್ಮನಿಯಲ್ಲಿ ಚಿತ್ರ ತಯಾರಿಕೆ ಅಭ್ಯಾಸ ಮಾಡಿ ಬಂದವರು. ಅದೇ ಚಿತ್ರದಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಇದ್ದರು, ನಮ್ಮ ಟಿ.ಪಿ. ಕೈಲಾಸಂ ಇದ್ದರು. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಕ್ಯಾಮೆರಾ ಮುಂದೆ ನಿಲ್ಲಬಾರದೆಂಬ ಮಾತು ಗಟ್ಟಿಯಾಗಿದ್ದ ಕಾಲ ಅದು. ಸ್ವಾತಂತ್ರ್ಯ ಹೋರಾಟದಲ್ಲಿದ್ದ ಕಮಲಾದೇವಿ ಆ ಮಾತಿಗೆ ಸೊಪ್ಪು ಹಾಕಲಿಲ್ಲ. ನಮ್ಮ ಸಿನಿಮಾ ಚರಿತ್ರೆ ಅವರ ಈ ಧೈರ್ಯವನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತದೆ. ಅದು ಸಾಲದು.

ದೇವಿಕಾ ರಾಣಿ ಈ ಬಳಗಕ್ಕೆ ಸೇರಿದ್ದು ಮೂರನೆಯ ಚಿತ್ರದ ಹೊತ್ತಿಗೆ. ಹುಟ್ಟಿದ್ದು 1908ರ ಮಾರ್ಚ್ 30ರಂದು ವಾಲ್ಟೇರಿನಲ್ಲಿ. ತಂದೆ ಕರ್ನಲ್ ಮನ್ಮಥನಾಥ ಚೌಧುರಿ ಮದ್ರಾಸ್ ಪ್ರಾಂತ್ಯದ ಸರ್ಜನ್ ಜನರಲ್ ಹುದ್ದೆಗೇರಿದ ಮೊದಲ ಭಾರತೀಯ. ರವೀಂದ್ರನಾಥ ಟ್ಯಾಗೋರರ ಮನೆತನದೊಂದಿಗೆ ರಕ್ತಸಂಬಂಧ. ಒಂಬತ್ತನೇ ವಯಸ್ಸಿಗೆ ಇಂಗ್ಲೆಂಡಿನ ವಸತಿ ಶಾಲೆಗೆ ಹೋದ ಹುಡುಗಿ ಅಲ್ಲೇ ಬೆಳೆದಳು. ಲಂಡನ್ನಿನಲ್ಲಿ ನಾಟಕ, ಸಂಗೀತ ಕಲಿತು, ಬಟ್ಟೆಯ ವಿನ್ಯಾಸವನ್ನು ಕಸುಬಾಗಿ ಹಿಡಿದಿದ್ದಾಗ 1928ರಲ್ಲಿ ಹಿಮಾಂಶು ರಾಯ್ ಸಿಕ್ಕರು. ಇಬ್ಬರು ರಾಜರು ಒಬ್ಬ ಹೆಣ್ಣಿಗಾಗಿ ಪಗಡೆಯಾಡುವ ‘ಪ್ರಪಂಚ ಪಾಶ್’ ಚಿತ್ರಕ್ಕೆ ಅವರು ಬಂದದ್ದು ಉಡುಪು ಮತ್ತು ಸೆಟ್ಟಿನ ಕೆಲಸಕ್ಕೆ. ನಾಯಕಿ ಸೀತಾ ದೇವಿಯೇ. 1929ರಲ್ಲಿ ಚಿತ್ರ ಮುಗಿಯಿತು. ರಾಯ್ ಮತ್ತು ದೇವಿಕಾ ಮದುವೆಯಾದರು. ಇಬ್ಬರೂ ಬರ್ಲಿನ್ನಿಗೆ ಹೋದರು.

ಊಫಾ ಎಂಬ ಶಾಲೆ

ಬರ್ಲಿನ್ ಪಕ್ಕದ ಬಾಬೆಲ್ಸ್‌ಬರ್ಗ್‌ನಲ್ಲಿದ್ದ ಊಫಾ ಸ್ಟುಡಿಯೋ ಯೂರೋಪಿನಲ್ಲೇ ದೊಡ್ಡದು. ಫ್ರಿಟ್ಸ್ ಲಾಂಗ್ ‘ಮೆಟ್ರೊಪೊಲಿಸ್’ ಮಾಡಿದ್ದು ಅಲ್ಲಿ. ಆ ಚಿತ್ರದ ಶೂಟಿಂಗ್ ಶುರುವಾದಾಗ ನಾಯಕಿ ಬ್ರಿಗಿಟ್ಟೆ ಹೆಲ್ಮ್‌ಗೆ ಹತ್ತೊಂಬತ್ತು ವರ್ಷ, ಹಿಂದೆ ಸಿನಿಮಾ ಮಾಡಿದ ಅನುಭವವೇ ಇಲ್ಲ. ಕಾರ್ಮಿಕರನ್ನು ಸಂತೈಸುವ ಮರಿಯಾ, ಅವಳ ರೂಪ ಹೊತ್ತು ಬಂದು ಅವರನ್ನು ಹಾಳುಮಾಡುವ ಯಂತ್ರದ ಹೆಣ್ಣು, ಎರಡೂ ಪಾತ್ರ ಆಕೆಯದೇ. ಮೈಗೆ ಅಚ್ಚು ತೆಗೆದು ಮಾಡಿದ ಗಡುಸು ಕವಚದೊಳಗೆ ಬೆಂದು, ತರಚಿಕೊಂಡು ನಟಿಸಿದರು. ಒಂದೇ ಮುಖದ ಎಡಗಣ್ಣು ಬಲಗಣ್ಣು ಬೇರೆ ಬೇರೆ ಮಾತಾಡುವಂತೆ ಆಕೆ ಮಾಡಿದ್ದನ್ನು ನೋಡಿದರೆ ಮೂಕಿ ಅಭಿನಯ ಎಂದರೇನು ಎಂದು ತಿಳಿಯುತ್ತದೆ. 1927ರ ಜನವರಿಯಲ್ಲಿ ಚಿತ್ರ ತೆರೆಗೆ ಬಂತು. ಆಮೇಲೆ ಊಫಾ ಆಕೆಗೆ ಗಂಡಸರನ್ನು ಕೆಡಿಸುವ ಹೆಣ್ಣಿನ ಪಾತ್ರಗಳನ್ನೇ ಕೊಡುತ್ತ ಹೋಯಿತು. ಅದನ್ನು ವಿರೋಧಿಸಿ ಹೆಲ್ಮ್ ಕೋರ್ಟಿಗೂ ಹೋದರು.

ದೇವಿಕಾ ರಾಣಿ ಊಫಾಗೆ ಬಂದದ್ದು ವಿದ್ಯಾರ್ಥಿನಿಯಾಗಿ. ನಿರ್ಮಾಪಕ ಎರಿಕ್ ಪೊಮ್ಮರ್ ಅವರ ಘಟಕದಲ್ಲಿ ಮೇಕಪ್, ಉಡುಪು, ಸೆಟ್ಟು, ಅಭಿನಯ ಎಲ್ಲವನ್ನೂ ಬುಡದಿಂದ ಕಲಿಯುವ ಅವಕಾಶ. ರಂಗಭೂಮಿಯ ದೊಡ್ಡ ನಿರ್ದೇಶಕ ಮ್ಯಾಕ್ಸ್ ರೈನ್‌ಹಾರ್ಟ್ ಅವರ ತಂಡದಲ್ಲೂ ಪಾಠವಾಯಿತು. ಕಾಲವೂ ಎಂಥದ್ದು! 1929ರಲ್ಲಿ ಊಫಾ ಧ್ವನಿಚಿತ್ರಗಳಿಗೆಂದೇ ಹೊಸ ಸ್ಟುಡಿಯೋ ಕಟ್ಟಿತು. ಆ ಚಳಿಗಾಲದಲ್ಲಿ ಪೊಮ್ಮರ್ ನಿರ್ಮಾಣದ ‘ದಿ ಬ್ಲೂ ಏಂಜೆಲ್’ ಅಲ್ಲಿ ತಯಾರಾಗುತ್ತಿತ್ತು. ಮಾರ್ಲೆನ್ ಡೀಟ್ರಿಷ್ ಲೋಕಪ್ರಸಿದ್ಧರಾದದ್ದು ಅದರಿಂದ. ಅದರ ನಾಯಕ ಎಮಿಲ್ ಯಾನಿಂಗ್ಸ್ ಹಾಲಿವುಡ್‌ನಲ್ಲಿ ಮೊಟ್ಟಮೊದಲ ಆಸ್ಕರ್ ಗೆದ್ದಿದ್ದರೂ, ಟಾಕಿ ಬಂದ ಮೇಲೆ ಅವರ ಜರ್ಮನ್ ಉಚ್ಚಾರ ಅಲ್ಲಿ ನಡೆಯದೆ ತವರಿಗೆ ಮರಳಿದ್ದರು. ಮೂಕಿಯ ಕಸುಬು ಪೂರ್ತಿ ಪಳಗಿದ್ದಾಗ, ಮಾತು ಒಳಗೆ ಬರುತ್ತಿದ್ದಾಗ, ಆ ಹೊಸ್ತಿಲಲ್ಲೇ ನಿಂತು ಎರಡನ್ನೂ ನೋಡುವ ಯೋಗ ಭಾರತದ ಬೇರೆ ಯಾವ ನಟಿಗೆ ಸಿಕ್ಕಿತ್ತು?

1933ರಲ್ಲಿ ಇಂಗ್ಲಿಷ್ ಮತ್ತು ಹಿಂದಿ ಎರಡರಲ್ಲೂ ತಯಾರಾದ ‘ಕರ್ಮ’ದಲ್ಲಿ ಅವರು ನಾಯಕಿಯಾದರು. ಅದರ ಮುತ್ತಿನ ದೃಶ್ಯವೊಂದನ್ನೇ ಹಿಡಿದುಕೊಂಡು ಬರೆಯುವವರು ಇಂದಿಗೂ ಇದ್ದಾರೆ. ಅವರ ಕಸುಬು ನೋಡಬೇಕಾದವರು 1936ರ ‘ಅಛೂತ್ ಕನ್ಯಾ’ ನೋಡಬೇಕು. 1934ರಲ್ಲಿ ಗಂಡ ಹೆಂಡತಿ ಸೇರಿ ಕಟ್ಟಿದ ಬಾಂಬೆ ಟಾಕೀಸ್‌ನ ಚಿತ್ರ ಅದು. ಓಸ್ಟೆನ್ ನಿರ್ದೇಶನ, ವಿರ್ಶಿಂಗ್ ಕ್ಯಾಮೆರಾ, ಜೊತೆಗೆ ಹೊಸ ನಟ ಅಶೋಕ್ ಕುಮಾರ್. ರೈಲ್ವೆ ಗೇಟ್ ಕಾಯುವ ಅಸ್ಪೃಶ್ಯನ ಮಗಳು ಕಸ್ತೂರಿ, ಬ್ರಾಹ್ಮಣರ ಹುಡುಗ ಪ್ರತಾಪ್. ಮಾತು ಕಡಿಮೆ ಇರುವ ಕಡೆಗಳಲ್ಲಿ ದೇವಿಕಾರ ಮುಖ ಗಮನಿಸಿ. ಕಣ್ಣು ಮೊದಲು ಹೊರಳುತ್ತದೆ, ತಲೆ ಆಮೇಲೆ ತಿರುಗುತ್ತದೆ, ವಿರ್ಶಿಂಗರ ಬೆಳಕು ಆ ಮುಖವನ್ನು ಅವಸರಪಡಿಸದೆ ಕಾಯುತ್ತದೆ. ಹಳ್ಳಿ ಹುಡುಗಿಗೆ ಆ ರೇಷ್ಮೆಯ ನಯ ಒಪ್ಪುವುದಿಲ್ಲ ಎನ್ನುವ ಆಕ್ಷೇಪ ಸರಿ, ಲಂಡನ್ನಿನ ಉಚ್ಚಾರವೂ ಅಲ್ಲಲ್ಲಿ ಇಣುಕುತ್ತದೆ. ಆದರೆ ಮುಖದಲ್ಲೇ ಕತೆ ಹೇಳುವ ಆ ವಿದ್ಯೆ ಬಾಬೆಲ್ಸ್‌ಬರ್ಗ್‌ನದು, ಮತ್ತು ಅದು ಆಗಿನ ಹಿಂದಿ ಸಿನಿಮಾಕ್ಕೆ ಹೊಸದು ಎಂದೇ ನನ್ನ ನಂಬಿಕೆ.

ಜರ್ಮನಿಯ ನಂಟಿಗೆ ಕಪ್ಪು ಮುಖವೂ ಇತ್ತು. ಅದೇ 1936ರಲ್ಲಿ ಓಸ್ಟೆನ್ ನಾಜಿ ಪಕ್ಷದ ಸದಸ್ಯರಾದರು. ಜಾತಿಯ ಕ್ರೌರ್ಯದ ವಿರುದ್ಧ ಚಿತ್ರ ಮಾಡಿದ ಕೈಯೇ ಅದಕ್ಕೂ ಸಹಿ ಹಾಕಿತ್ತು. ಇದನ್ನು ಮುಚ್ಚಿಟ್ಟು ಆ ಕಾಲದ ಗುಣಗಾನ ಮಾಡಬಾರದು. 1939ರಲ್ಲಿ ಯುದ್ಧ ಶುರುವಾದಾಗ ಬ್ರಿಟಿಷರು ಸ್ಟುಡಿಯೋದ ಜರ್ಮನರನ್ನು ಬಂಧಿಸಿದರು. 1940ರ ಮೇ ತಿಂಗಳಲ್ಲಿ ಹಿಮಾಂಶು ರಾಯ್ ತೀರಿಕೊಂಡರು. ಮೂವತ್ತೆರಡರ ವಿಧವೆ ಸ್ಟುಡಿಯೋ ನಡೆಸಲು ನಿಂತರು. ಒಳಜಗಳಗಳ ನಡುವೆಯೂ 1943ರಲ್ಲಿ ‘ಕಿಸ್ಮತ್’ ಬಂತು, ಕಲ್ಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಓಡಿತು. ಯೂಸುಫ್ ಖಾನ್ ಎಂಬ ಯುವಕನನ್ನು ಕೆಲಸಕ್ಕೆ ಸೇರಿಸಿಕೊಂಡು ದಿಲೀಪ್ ಕುಮಾರ್ ಎಂದು ಹೆಸರಿಟ್ಟವರು ಅವರೇ. 1945ರಲ್ಲಿ ಎಲ್ಲ ಬಿಟ್ಟು ರೋರಿಕ್ ಅವರನ್ನು ಮದುವೆಯಾದರು. ಕುಲುವಿನಲ್ಲಿ ಕೆಲಕಾಲ ಇದ್ದು ಬೆಂಗಳೂರಿಗೆ ಬಂದರು. ಮತ್ತೆ ಬಣ್ಣ ಹಚ್ಚಲಿಲ್ಲ.

ಎರಡು ದೇಶ, ಎರಡು ನೆನಪು

ಬ್ರಿಗಿಟ್ಟೆ ಹೆಲ್ಮ್ ಕೂಡ ಹೀಗೇ ಬಿಟ್ಟು ಹೊರಟವರು. 1935ರಲ್ಲಿ, ಇಪ್ಪತ್ತೊಂಬತ್ತನೇ ವಯಸ್ಸಿಗೆ ಸಿನಿಮಾ ತೊರೆದು ಸ್ವಿಟ್ಜರ್ಲೆಂಡಿಗೆ ಹೋದರು. 1996ರಲ್ಲಿ ತೀರಿಕೊಳ್ಳುವವರೆಗೂ ತಮ್ಮ ಚಿತ್ರಗಳ ಬಗ್ಗೆ ಸಂದರ್ಶನ ಕೊಡಲು ಒಪ್ಪಲಿಲ್ಲ. ಆದರೂ ಆಕೆಯ ಕೆಲಸವನ್ನು ಜರ್ಮನಿ ಕೈಬಿಡಲಿಲ್ಲ. ಕತ್ತರಿ ಹಾಕಿ ಚಿಕ್ಕದಾಗಿಸಿದ್ದ ‘ಮೆಟ್ರೊಪೊಲಿಸ್’ನ ತುಣುಕುಗಳನ್ನು ದಶಕಗಳ ಕಾಲ ಹುಡುಕಿದರು. 2001ರಲ್ಲಿ ಅದು ಯುನೆಸ್ಕೋದ ವಿಶ್ವ ಸ್ಮೃತಿ ಪಟ್ಟಿಗೆ ಸೇರಿತು. 2008ರಲ್ಲಿ ಬ್ಯೂನಸ್ ಐರಿಸ್‌ನ ವಸ್ತುಸಂಗ್ರಹಾಲಯದಲ್ಲಿ ಹೆಚ್ಚೂಕಡಿಮೆ ಪೂರ್ಣ ಪ್ರತಿ ಸಿಕ್ಕಿತು. 2010ರಲ್ಲಿ ಅದನ್ನು ಸೇರಿಸಿ ಬರ್ಲಿನ್‌ನಲ್ಲಿ ಮತ್ತೆ ತೋರಿಸಿದರು.

ನಮ್ಮಲ್ಲಿ ತಯಾರಾದ ಸಾವಿರಕ್ಕೂ ಹೆಚ್ಚು ಮೂಕಿಗಳಲ್ಲಿ ಬಹುಪಾಲು ನಾಶವಾಗಿವೆ. ಆಗಿನ ನೈಟ್ರೇಟ್ ಫಿಲಂ ಬೇಗ ಬೆಂಕಿ ಹಿಡಿಯುವಂಥದ್ದು, ಸೆಕೆ ತೇವಕ್ಕೆ ಕರಗುವಂಥದ್ದು. ಕಾಪಿಡಬೇಕೆಂಬ ಯೋಚನೆ ಬಂದದ್ದೂ ತಡವಾಗಿ. ಓಸ್ಟೆನ್‌ರ ಮೂರು ಚಿತ್ರಗಳು ಉಳಿದದ್ದಕ್ಕೆ ಕಾರಣ ಅವುಗಳ ಪ್ರತಿಗಳು ಯೂರೋಪಿನಲ್ಲಿದ್ದದ್ದು. ‘ಪ್ರಪಂಚ ಪಾಶ್’ ಅನ್ನು ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2006ರಲ್ಲಿ ಸರಿಪಡಿಸಿತು, ನಿತಿನ್ ಸಾಹ್ನಿ ಹೊಸ ಸಂಗೀತ ಕೊಟ್ಟರು. ‘ಶೀರಾಜ್’ 2017ರಲ್ಲಿ ಅನೌಷ್ಕಾ ಶಂಕರ್ ಅವರ ಸಂಗೀತದೊಂದಿಗೆ ಬಂತು.

ರೋರಿಕ್ ಅವರ ಚಿತ್ರಗಳಿಗೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಗೌರವದ ಜಾಗವಿದೆ. 1958ರಲ್ಲಿ ಪದ್ಮಶ್ರೀ ಪಡೆದ, ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು ಎಲ್ಲರಿಗಿಂತ ಮೊದಲು ಪಡೆದ ದೇವಿಕಾ ರಾಣಿಗೆ ಕರ್ನಾಟಕದಲ್ಲಿ ಅಷ್ಟೇ ದೊಡ್ಡ ಜಾಗ ಬೇಕು. ತಾತಗುಣಿಯನ್ನು ಕಾನೂನು ಮಾಡಿ ಪಡೆದುಕೊಂಡ ಸರ್ಕಾರ, ಅಲ್ಲಿ ಅವರ ಬರ್ಲಿನ್ ವರ್ಷಗಳನ್ನೂ ಬಾಂಬೆ ಟಾಕೀಸ್ ವರ್ಷಗಳನ್ನೂ ಜನ ನೋಡಿ ತಿಳಿಯುವಂತೆ ಮಾಡಬೇಕು.

ಸರ್ಕಾರ ಮಾಡುವವರೆಗೆ ನಾವು ಕಾಯಬೇಕಿಲ್ಲ. ‘ಅಬಚೂರಿನ ಪೋಸ್ಟಾಫೀಸು’, ‘ತಬರನ ಕಥೆ’ಯಿಂದ ಹಿಡಿದು ‘ಡೇರ್‌ಡೆವಿಲ್ ಮುಸ್ತಾಫಾ’ವರೆಗೆ ಒಳ್ಳೆಯ ಚಿತ್ರಗಳಿಗೆ ಕತೆ ಕೊಟ್ಟ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನ ಇಲ್ಲೇ ಕೊಟ್ಟಿಗೆಹಾರದಲ್ಲಿದೆ. ಮಳೆಗಾಲ ಮುಗಿದು ಕಾಫಿ ಕೊಯ್ಲಿನ ಗಡಿಬಿಡಿ ಶುರುವಾಗುವ ಮುಂಚೆ, ಒಂದು ಶನಿವಾರ ಸಂಜೆ ಅಲ್ಲಿ ‘ಪ್ರಪಂಚ ಪಾಶ್’ ತೋರಿಸಬಹುದು. ಮೂಕಿಗೆ ಡಬ್ಬಿಂಗ್ ಬೇಡ. ನಡುನಡುವೆ ಬರುವ ಬರಹದ ಫಲಕಗಳನ್ನು ಕನ್ನಡದಲ್ಲಿ ಹೇಳುವವರು ಒಬ್ಬರಿದ್ದರೆ ಸಾಕು, ಹಿಂದೆ ಮೂಕಿ ಆಟಗಳಲ್ಲಿ ತೆರೆಯ ಪಕ್ಕ ನಿಂತು ಹಾಗೆ ಹೇಳುತ್ತಿದ್ದರು. ಮೂಡಿಗೆರೆ, ಬಣಕಲ್, ಕಳಸದ ಕಾಲೇಜು ಮಕ್ಕಳನ್ನು ಕರೆಯೋಣ. ಈ ಕೆಲಸಕ್ಕೆ ಕೈಜೋಡಿಸುವವರು ದಯವಿಟ್ಟು ಮುಂದೆ ಬನ್ನಿ.