ಉಣುಗು ಕಚ್ಚಿದ ಜಾಗ ಗಂಟಾಗಿದೆಯಾ? ಇಷ್ಟು ತಿಳಿದಿರಲಿ

ದಾಂಡೇಲಿ ಪಕ್ಕದ ಕೋಗಿಲಬನ, ಆಚೆ ಜೋಯಿಡಾ ಕಡೆ ಕಾಡಂಚಿನಲ್ಲಿ ಜಮೀನಿರುವವರಿಗೆ ಉಣುಗು ಹೊಸದಲ್ಲ. ಮಲ್ಚಿಂಗ್‌ಗೆ ದರಕು ಗುಡಿಸಿ ಬಂದ ದಿನ ಸೊಂಟ, ಕಂಕುಳು, ಮಂಡಿ ಹಿಂದೆ ಒಂದಾದರೂ ಸಿಗುತ್ತೆ. ಆಮೇಲೆ ಆ ಜಾಗ ವಾರಗಟ್ಟಲೆ ತುರಿಸುತ್ತೆ. ಯಾಕೆ?

ಚರ್ಮದೊಳಗೆ ಆಗೋದೇನು?

ಉಣುಗಿನ ಜೊಲ್ಲಿನಲ್ಲಿ ನೋವು ಗೊತ್ತಾಗದಂತೆ, ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶಗಳಿವೆ. ಅದಕ್ಕೇ ಕಚ್ಚಿದ್ದು ತಿಳಿಯೋದಿಲ್ಲ. ಅಂಟಿನಂಥ ವಸ್ತು ಬಿಟ್ಟು ಬಾಯನ್ನು ಚರ್ಮಕ್ಕೆ ಭದ್ರ ಮಾಡಿಕೊಳ್ಳುತ್ತೆ. ನಮ್ಮ ದೇಹ ಈ ಜೊಲ್ಲನ್ನು ಹೊರಗಿನದು ಅಂತ ಗುರುತಿಸಿ ರಕ್ಷಣಾ ಕಣಗಳನ್ನು ಕಳಿಸುತ್ತೆ. ಕೆಂಪು, ಊತ, ತುರಿಕೆ ಬರೋದು ಇದರಿಂದಲೇ. ಕೆಲವರಿಗೆ ಗಟ್ಟಿ ಗಂಟಾಗಿ ತಿಂಗಳುಗಟ್ಟಲೆ ಉಳಿಯಬಹುದು. ಪದೇ ಪದೇ ಕಚ್ಚಿಸಿಕೊಂಡವರಿಗೆ ತುರಿಕೆ ಬೇಗ, ಜೋರಾಗಿ ಬರಬಹುದು.

ತೆಗೆಯೋದು ಹೇಗೆ?

ಬೀಡಿ ಬೆಂಕಿ, ಸೀಮೆಎಣ್ಣೆ, ಸುಣ್ಣ ಬೇಡ. ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು, ನಿಧಾನವಾಗಿ ನೇರ ಮೇಲಕ್ಕೆ ಎಳೆಯಿರಿ. ಬೆರಳಲ್ಲಿ ಜಜ್ಜಬೇಡಿ. ಸೋಪು ನೀರಲ್ಲಿ ತೊಳೆಯಿರಿ. ಬಾಯಿಯ ಚೂರು ಉಳಿದರೆ ಸೂಜಿಯಿಂದ ಕೆದಕಬೇಡಿ, ಚರ್ಮವೇ ಹೊರಹಾಕುತ್ತೆ. ಮೊಬೈಲ್‌ನಲ್ಲಿ ಆ ಜಾಗದ ಫೋಟೊ ತೆಗೆದಿಡಿ, ತಾರೀಖೂ ಉಳಿಯುತ್ತೆ.

ಗಾಯಕ್ಕಿಂತ ಜ್ವರ ಮುಖ್ಯ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ನಮ್ಮ ಉತ್ತರ ಕನ್ನಡದಲ್ಲೂ ಇದೆ. ಈ ವೈರಸ್ ಇರುವ ಉಣುಗು ಕಚ್ಚಿದರೂ ಚರ್ಮದ ಮೇಲೆ ಬೇರೆ ಗುರುತು ಕಾಣಬೇಕು ಅಂತಿಲ್ಲ. ಗಾಯ ಚಿಕ್ಕದಿದೆ, ತುರಿಕೆ ಇಲ್ಲ ಅಂತ ಸುಮ್ಮನಿರಬೇಡಿ. ಸಾಮಾನ್ಯವಾಗಿ 3ರಿಂದ 8 ದಿನದೊಳಗೆ ಏಕಾಏಕಿ ಜ್ವರ, ತಲೆನೋವು, ಮೈಕೈ ನೋವು ಶುರುವಾಗುತ್ತೆ.

ಕಚ್ಚಿದ ಎರಡು ವಾರದೊಳಗೆ ಜ್ವರ ಬಂದರೆ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, "ಉಣುಗು ಕಚ್ಚಿತ್ತು" ಅಂತ ಹೇಳಿ. ಆಸ್ಪಿರಿನ್, ಬ್ರುಫೆನ್ ಮಾತ್ರೆ ನೀವೇ ನುಂಗಬೇಡಿ, ರಕ್ತಸ್ರಾವ ಹೆಚ್ಚಬಹುದು. ಜ್ವರದ ಜೊತೆ ಸುಟ್ಟಂಥ ಕಪ್ಪು ಹಕ್ಕಳೆ ಕಂಡರೆ ಅದನ್ನೂ ತೋರಿಸಿ. ಅದು ಬೇರೆ ಸೋಂಕಿನ ಗುರುತಿರಬಹುದು, ಸರಿಯಾದ ಔಷಧಿ ಬೇಗ ಸಿಕ್ಕರೆ ವಾಸಿಯಾಗುತ್ತೆ.

ಈ ಹಂಗಾಮಿಗೆ

ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚು ಎಚ್ಚರ ಬೇಕು. ತುಂಬು ತೋಳಿನ ಅಂಗಿ ಹಾಕಿ, ಪ್ಯಾಂಟಿನ ತುದಿ ಸಾಕ್ಸ್ ಒಳಗೆ ಸೇರಿಸಿ. ಆರೋಗ್ಯ ಇಲಾಖೆ ಕೊಡುವ ಉಣುಗು ನಿವಾರಕ ಎಣ್ಣೆ ಹಚ್ಚಿಕೊಳ್ಳಿ. ಮನೆಗೆ ಬಂದಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸ್ನಾನ ಮಾಡುವಾಗ ಮೈಯೆಲ್ಲ ನೋಡಿಕೊಳ್ಳಿ. ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ.